ಹಳೆಯ ಮ್ಯಾಕ್ರೋ ಮತ್ತು ಬಿಜಾಪುರದ ಆಧಾರ್

ಗೆಳೆಯರೇ, ಇಂದು ಗೋವಾದ ವೆರ್ಣಾದ ನಮ್ಮ ಕಾರ್ಖಾನೆಯಲ್ಲಿ ಒಂದು ಹಳೆಯ ಹೆಸರು ಗೆದ್ದಿತು.

ಡ್ರಿಲ್ಲಿಂಗ್ ಯಂತ್ರದ ಪ್ರೋಗ್ರಾಂ ಬರೆಯುವ ಎಡಿಟರ್ ತಂತ್ರಾಂಶವನ್ನು ನಮ್ಮ ಧಾರವಾಡದ ಎಂಜಿನಿಯರ್ ಮೇಡಂ ಹೊಸದಾಗಿಸಿದ್ದಾರೆ. ಕೊರೆದ ಮೇಲೆ ಡ್ರಿಲ್ಲನ್ನು ಮೇಲೆತ್ತುವ ‘ಲಿಫ್ಟ್’ ಮ್ಯಾಕ್ರೋಗೆ, ಅಂದರೆ ಆ ಸಿದ್ಧ ಆದೇಶಕ್ಕೆ, ಈಗ ‘ರಿಟ್ರಾಕ್ಟ್’ ಎಂದು ಹೆಸರು. ಹಳೆಯ ಪ್ರೋಗ್ರಾಂಗಳಲ್ಲೆಲ್ಲ ‘ಲಿಫ್ಟ್’ ಎಂದೇ ಇದೆ, ಯಂತ್ರವೂ ಒಪ್ಪುತ್ತದೆ. ಗೊತ್ತಿರುವ ಹೆಸರನ್ನು ನೀಲಿಯಾಗಿ ತೋರಿಸುವ ಎಡಿಟರ್ ಮಾತ್ರ ಅದನ್ನು ಕೆಂಪಾಗಿ ತೋರಿಸಿತು. ಆಪರೇಟರ್ ಮೆಹಬೂಬಸಾಬರು ತಪ್ಪಿರಬೇಕೆಂದು ಆ ಸಾಲನ್ನೇ ಅಳಿಸಿದರು. ಯಂತ್ರ ಚಾಲೂ ಆಗುವ ಮುನ್ನ ನಾನು ನೋಡದಿದ್ದರೆ, ತೂತಿನಿಂದ ಮೇಲೇಳದ ಡ್ರಿಲ್ ಮುರಿದು ಅವರ ಮುಖಕ್ಕೇ ಸಿಡಿಯುತ್ತಿತ್ತು.

“ಹಳೇ ಹೆಸರು ರದ್ದಾಗೇತಿ ಕಾಕಾ, ಅದಕ್ಕ ಎಡಿಟರಿನ ಪಟ್ಟಿಯಿಂದ ತಗದೇನಿ,” ಎಂದರು ಮೇಡಂ, ನಾನು ಹೋಗಿ ಕೇಳಿದಾಗ.

ನಾನು ಸಿಟ್ಟಿನಿಂದ ಬಾಯಿ ತೆರೆಯುವಷ್ಟರಲ್ಲಿ ಮೆಹಬೂಬಸಾಬರು ಕಿಸೆಯಿಂದ ಆಧಾರ್ ಕಾರ್ಡ್ ತೆಗೆದರು.

“ಮೇಡಂ, ಊರು ವಿಜಯಪುರ ಆಗಿ ಭಾಳ ವರ್ಷ ಆತು. ಇದರಾಗ ಇನ್ನೂ ಬಿಜಾಪುರ ಐತ್ರಿ. ನನ್ನೂ ಪಟ್ಟಿಯಿಂದ ತಗೀತೀರೇನ್ರಿ?”

ಮೇಡಂ ಜೋರಾಗಿ ನಕ್ಕರು. ಊಟದ ಹೊತ್ತಿಗೆ ‘ಲಿಫ್ಟ್’ ಮತ್ತೆ ನೀಲಿಯಾಗಿತ್ತು, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಹೊಸ ಹೆಸರೂ ಇತ್ತು.

ಹೀಗಾಗುತ್ತದೆಂದು ಹೋದ ತಿಂಗಳೇ ನಾನು ಮೇಡಂಗೆ ಮೂರು ಉದ್ದುದ್ದ ಇಮೇಲ್ ಬರೆದಿದ್ದೆ. ಮುಂದಿನ ಸಲ ಬರೀ ಮೆಹಬೂಬಸಾಬರನ್ನು ಕಳಿಸುತ್ತೇನೆ.