ನಳದ ಮುಂದಿನ ಆಣೆ

ಆಗ ನನಗೆ ಅರವತ್ತೆರಡು. ನಾಲ್ಕು ವರ್ಷದ ಹಿಂದಿನ ಮಾತು. ತೆಲುಗು ನಾಡಿನ ಜೀಡಿಮೆಟ್ಲಾದಲ್ಲಿ ಕಟ್ಟಡದ ಕೆಲಸಕ್ಕೆ ಬಂದ ನಮ್ಮ ಕಡೆಯವರದೇ ತಗಡಿನ ಮನೆಗಳ ಓಣಿ, ಎಲ್ಲರಿಗೂ ಒಂದೇ ನಳ. ನೀರು ನಾರತೊಡಗಿತ್ತು. ನನ್ನ ಬಸುರಿ ಸೊಸೆ ಭೇದಿ ಹತ್ತಿ ಗೋಡೆ ಹಿಡಿದು ನಡೆಯುತ್ತಿದ್ದಳು.

ಆಸ್ಪತ್ರೆಯ ಹುಡುಗಿಯೊಬ್ಬಳು ಮನೆಮನೆಗೆ ಬಂದು, ಯಾರಿಗೆ ಏನು ಬೇನೆ ಎಂದು ಕೇಳಿ ಫೋನಿನಲ್ಲಿ ಒತ್ತಿಕೊಂಡು ಹೋಗುತ್ತಿದ್ದಳು. ಒಂದೇ ಓಣಿಯ ನಾಲ್ಕಾರು ಮನೆಗೆ ಒಂದೇ ಬೇನೆ ಬಂದರೆ ಆ ಫೋನೇ ಮೇಲಿನ ಆಫೀಸಿಗೆ ಸುದ್ದಿ ಮುಟ್ಟಿಸುತ್ತದೆ, ಅವರು ಬಂದು ಪೈಪು ಅಗೆಯುತ್ತಾರೆ ಎಂದಿದ್ದಳು. ಹೊರಗಿನವರು ಕೇಳಿದರೆ ‘ಎಲ್ಲಾ ಆರಾಮ’ ಅನ್ನುವುದು ನಮ್ಮವರ ರೂಢಿ. ಈ ಸಲ ಹಾಗನ್ನಬಾರದು ಎಂದು ಪಕ್ಕದ ಮನೆಯವಳೇ ಮಾತು ತೆಗೆದಳು. ಅವಳ ಮಗನೂ ಭೇದಿಯಿಂದ ಮಲಗಿದ್ದ. ಹೆಂಗಸರೆಲ್ಲ ನಳದ ಮುಂದೆ ತುಂಬಿದ ಕೊಡ ಮುಟ್ಟಿ, ಇದ್ದದ್ದೇ ಹೇಳುತ್ತೇವೆ ಎಂದು ಗಂಗವ್ವನ ಆಣೆ ಇಟ್ಟೆವು.

ಸುದ್ದಿ ನಮ್ಮನ್ನು ಕೆಲಸಕ್ಕೆ ಇಟ್ಟುಕೊಂಡಿದ್ದ ಮೇಸ್ತ್ರಿಗೆ ಮುಟ್ಟಿತು. ಆಫೀಸಿನವರು ಓಣಿಗೆ ಬರುವುದು ಅವನಿಗೆ ಬೇಡವಾಗಿತ್ತು. ಹುಡುಗಿ ಬರುವ ದಿನ ಓಣಿಯಲ್ಲಿ ನಿಂತು ಕೂಗಿದ: “ಯಾರ ಮನ್ಯಾಗ ಬ್ಯಾನಿ ಐತಿ, ಅವ್ರು ಕೆಲಸಕ್ಕ ಬರೂದು ಬ್ಯಾಡ.”

ಹುಡುಗಿ ಬಂದಳು. ನಾನು ಇದ್ದದ್ದು ಹೇಳಿದೆ. ಅವಳ ಹಿಂದೆಯೇ ನಡೆದೆ.

“ಏನಿಲ್ರಿ, ಎಲ್ಲಾ ಆರಾಮ.” ಮನೆಮನೆಗೂ ಅದೇ. ಪಕ್ಕದವಳು ಬಾಗಿಲಿಗೆ ಅಡ್ಡ ನಿಂತಿದ್ದಳು.

“ನಿನ್ನ ಮಗ?” ಅಂದೆ.

“ಮಲಗ್ಯಾನ. ಮಲಗೂದೂ ಬ್ಯಾನಿ ಏನ ಯಕ್ಕಾ?” ಎಂದು ಹುಡುಗಿಯತ್ತ ತಿರುಗಿದಳು. “ಈಕಿ ಸೊಸಿಗೆ ಹಳಸಿದ್ದು ತಿನಿಸ್ಯಾಳ್ರಿ. ನೀರು ಛಲೋನ ಐತಿ.”

“ಕೊಡ ಮುಟ್ಟಿದ ಕೈ ಎಲ್ಲಿ ಇಟ್ಟೀಯಲೇ?”

“ಕೈ ಸಿಮಿಟಿನ ಬುಟ್ಟಿ ಹೊರಾಕ ಬೇಕು, ಯಕ್ಕಾ.”

ಒಂದು ಮನೆಯ ಬೇನೆಗೆ ಫೋನು ಸುದ್ದಿ ಕಳಿಸುವುದಿಲ್ಲ ಎಂದು ಹುಡುಗಿ ತೆಲುಗಿನಲ್ಲಿ ಹೇಳಿ, ಸೊಸೆಗೆ ಪುಡಿಯ ಪೊಟ್ಟಣ ಕೊಟ್ಟು ಹೋದಳು. ಪೈಪು ಅಗೆಯಲು ಯಾರೂ ಬರಲಿಲ್ಲ. ಸಂಜೆ ಮೇಸ್ತ್ರಿ ನನ್ನ ಮಗನೊಬ್ಬನನ್ನೇ ಕೆಲಸದಿಂದ ಬಿಡಿಸಿದ.

ಹೆದರಿಕೆ ನನಗೂ ಇತ್ತು. ಹೆದರಿ ಸುಳ್ಳಾಡಿದರೆ ಆಡಲಿ. ಆದರೆ ಆಣೆಗೆ ನನ್ನನ್ನು ಕರೆದವಳೇ ಪಕ್ಕದವಳು.

ಮರುದಿನ ಬೆಳಿಗ್ಗೆ ನಳಕ್ಕೆ ನೀರು ಬಂತು. ನಾನು ಕೊಡ ಎತ್ತಿಕೊಂಡು ರಸ್ತೆಯಾಚೆ ಟ್ಯಾಂಕರ್ ನಿಲ್ಲುವಲ್ಲಿಗೆ ಹೊರಟೆ. ಅವಳೂ ಕೊಡ ಹಿಡಿದು ಹಿಂದೆ ಬಂದಳು.

“ನಿಂದ್ರ ಯಕ್ಕಾ, ನಾನೂ ಬರ್ತೀನಿ.”

“ನಳದ ನೀರು ಛಲೋ ಐತೆಲ್ಲ, ಅಲ್ಲೇ ತುಂಬಕೋ” ಅಂದೆ. ನಿಲ್ಲಲಿಲ್ಲ.