ಅಮರಗೋಳದ ಆ ಎರಡು ಲೈನುಗಳು

ಈರಪ್ಪ ಕಾಕಾ ಅವರ ನೌಕರಿ ಹೋದದ್ದು ನನ್ನಿಂದ. ಅವರ ಮಗಳು ಅವರೊಡನೆ ಮಾತು ಬಿಟ್ಟದ್ದೂ ನನ್ನಿಂದಲೇ. ಅವರ ಮಾಲಕರಿಂದಲ್ಲ, ಮಾರ್ಕೆಟ್ ಯಾರ್ಡಿನ ಮಂದಿಯಿಂದಲ್ಲ—ನನ್ನಿಂದ. ಇಷ್ಟನ್ನು ಮೊದಲೇ ಬರೆದಿಡುತ್ತೇನೆ. ಮುಂದೆ ಹೋದಂತೆ ಕೈ ಎಲ್ಲಿ ಹಿಂದೆ ಸರಿಯುತ್ತದೋ ಹೇಳಲಾಗದು. ಹನ್ನೆರಡು ವರ್ಷದಿಂದ ಹಿಂದೆ ಸರಿಯುತ್ತಲೇ ಬಂದ ಕೈ ಇದು.

ನಾನು ಹುಬ್ಬಳ್ಳಿಯಲ್ಲಿ ಒಂದು ಟೆಲಿಫೋನ್ ಕಂಪನಿಯ ಬ್ರಾಡ್‌ಬ್ಯಾಂಡ್ ವಿಭಾಗದಲ್ಲಿದ್ದೆ. ಒಂದೇ ದಪ್ಪ ಕೇಬಲ್ಲಿನಲ್ಲಿ ನೂರಾರು ಮನೆ, ಅಂಗಡಿಗಳ ಇಂಟರ್ನೆಟ್ ಹರಿಯುತ್ತದೆ. ಒಬ್ಬರದು ಇನ್ನೊಬ್ಬರದರಲ್ಲಿ ಕಲೆಯದಂತೆ ಪ್ರತಿ ಚಂದಾದಾರರಿಗೂ ಬೇರೆ ಬೇರೆ ದಾರಿ ಮಾಡಿಕೊಡಬೇಕು. ಅದಕ್ಕೆ ವರ್ಚುವಲ್ ಚಾನೆಲ್ ಎನ್ನುತ್ತಿದ್ದೆವು. ಕಣ್ಣಿಗೆ ಕಾಣುವ ದಾರಿಯಲ್ಲ. ಕಂಪ್ಯೂಟರಿನ ಪಟ್ಟಿಯಲ್ಲಿ ಒಂದು ಸಾಲು, ಅಷ್ಟೇ—ಲೈನಿನ ನಂಬರು, ಚಾನೆಲ್ಲಿನ ನಂಬರು, ಅದರ ಮುಂದೆ ಚಂದಾದಾರರ ಹೆಸರು. ನಮ್ಮ ಅವ್ವ ಒಮ್ಮೆ ಕೇಳಿದ್ದಳು, "ದಿನಾ ಆಫೀಸಿಗೆ ಹೋಗಿ ಏನ ಮಾಡ್ತೀಪಾ?"

"ಮಂದಿಗೆ ದಾರಿ ಮಾಡ್ತೇನವಾ."

"ಹಂಗಾರ ಮೊದಲ ನಮ್ಮ ಓಣಿದು ಮಾಡು. ತೆಗ್ಗಿನ್ಯಾಗ ಬಿದ್ದು ನನ್ನ ಮೊಣಕಾಲ ಹೋಗೇತಿ."

ನಗುತ್ತಿದ್ದೆ ಆಗ. ದಾರಿ ತಪ್ಪಿದರೆ ಏನಾಗುತ್ತದೆಂಬುದು ನನಗಿನ್ನೂ ಗೊತ್ತಿರಲಿಲ್ಲ.

ಈರಪ್ಪ ಕಾಕಾ ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ ಮತ್ತು ಹತ್ತಿಯ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರು. ಇಪ್ಪತ್ತೆಂಟು ವರ್ಷ ಒಬ್ಬರೇ ಮಾಲಕರ ಗಾದಿಯ ಪಕ್ಕ ಕುಳಿತವರು, ಯಾರ್ಡಿಗೆಲ್ಲ ಕಾಕಾ. ಆ ಅಂಗಡಿಗೆ ಇಂಟರ್ನೆಟ್ ಹಾಕಿಕೊಡಲು ಹೋದಾಗ ಮಾಲಕರು, "ನನಗ ಇದೆಲ್ಲಾ ತಿಳಿಯಂಗಿಲ್ರಿ, ಈರಪ್ಪಗ ಕಲಸ್ರಿ" ಎಂದರು. ಕಲಿಸಿದೆ. ಕೀಬೋರ್ಡಿನ ಮೇಲೆ ಒಂದೇ ಬೆರಳು ತಿರುಗಿಸುತ್ತ ಕಾಕಾ ಬೇಸತ್ತು ಹೇಳಿದ್ದರು:

"ಏನ್ರಿ ಸಾಹೇಬ್ರ, ಈ ಎ ಬಿ ಸಿ ಎಲ್ಲಾ ಚದುರಿ ಕುಂತಾವಲ್ರಿ! ಸಾಲ್ಯಾಗ ನಾವು ಹಿಂಗ ಕುಂತಿದ್ರ ಮಾಸ್ತರ್ ಬಡೀತಿದ್ರು."

ಒಂದು ತಿಂಗಳಲ್ಲಿ ಇಮೇಲ್ ಕಳಿಸುವಷ್ಟಾದರು. ಕಾಲೇಜಿಗೆ ಹೋಗುತ್ತಿದ್ದ ಮಗಳು ರೇಣುಕಾ, ಮಧ್ಯಾಹ್ನ ಊಟದ ಡಬ್ಬಿ ತಂದಾಗ ಅಪ್ಪನ ಪಕ್ಕ ನಿಂತು ತಿದ್ದುತ್ತಿದ್ದಳು. ಆ ಅಂಗಡಿಯಲ್ಲಿ ಕಂಪ್ಯೂಟರ್ ಮುಟ್ಟುತ್ತಿದ್ದವರು ಅವರಿಬ್ಬರೇ.

ಮುಂದೆ ಒಂದು ದಿನ ಸಿಡಿಲು ಬಡಿದು ಯಾರ್ಡಿನ ಲೈನುಗಳು ಬಂದು ಸೇರುವ ಕಾರ್ಡು ಸುಟ್ಟಿತು. ಹೊಸ ಕಾರ್ಡು ಹಾಕಿ ಎಲ್ಲರ ಚಾನೆಲ್ಲುಗಳನ್ನೂ ಮತ್ತೆ ಕಟ್ಟಬೇಕಾಯಿತು. ನಮ್ಮಲ್ಲಿ ಒಂದು ರೂಢಿಯಿತ್ತು: ಲೈನು ಕಟ್ಟಿದ ಮೇಲೆ ಅದೇ ಲೈನಿಗೆ ಫೋನು ಹಚ್ಚಿ "ಯಾರ ಅಂಗಡಿ ರೀ?" ಎಂದು ಕೇಳುವುದು, ಅವರು ಹೇಳಿದ ಮೇಲೇ ಹೆಸರು ಬರೆಯುವುದು. ಕಾಕಾ ಅವರ ಸಾಲಿನಲ್ಲಿ ಬ್ರಾಡ್‌ಬ್ಯಾಂಡ್ ಇದ್ದದ್ದು ಎರಡೇ ಅಂಗಡಿಗೆ—ಅವರದು, ಅದಕ್ಕೆ ಹತ್ತಿದ ಬಾಜೂದು. ಫೋನು ಹಚ್ಚಿದೆ, ಸವಾಲಿನ ಹೊತ್ತು, ಮಾಲಿಗೆ ಬೆಲೆ ಕೂಗುವ ಗದ್ದಲ, ಯಾರೂ ಎತ್ತಲಿಲ್ಲ. ಯಾವ ಲೈನು ಯಾರದೆಂಬ ರಿಜಿಸ್ಟರು ಕಪಾಟಿನಲ್ಲಿತ್ತು, ತೆಗೆದು ನೋಡಬಹುದಿತ್ತು. ನಾನು ನೆನಪಿನಿಂದ ಬರೆದೆ. ನನ್ನ ನೆನಪೋ—ಚಹಾ ಕುಡಿಯಲು ಯಾರ್ಡಿನ ಗೇಟಿನಿಂದ ನಡೆದು ಹೋಗುವವನದು: ಮೊದಲು ಕಾಕಾ ಅವರ ಅಂಗಡಿ, ಆಮೇಲೆ ಬಾಜೂದು. ಆದರೆ ತಂತಿ ಗೇಟಿನಿಂದ ಬರುತ್ತಿರಲಿಲ್ಲ. ಹಿಂದಿನ ಗೋಡೆಯ ಕಡೆಯಿಂದ ಬರುತ್ತಿತ್ತು. ಲೈನಿನ ನಂಬರು ತಂತಿಯ ಸಾಲಿನಂತೆ, ಅದಕ್ಕೆ ಬಾಜೂದೇ ಮೊದಲು.

ಎರಡೂ ಅಂಗಡಿಯಲ್ಲಿ ಇಂಟರ್ನೆಟ್ ಛಲೋ ಓಡಿತು. ಇಬ್ಬರದೂ ಒಂದೇ ಪ್ಲಾನು. ದಾರಿ ಸರಿ, ಹೆಸರು ಮಾತ್ರ ಅದಲು ಬದಲು. ಓಡುವ ಲೈನಿನ ಬಗ್ಗೆ ಯಾರು ತಕರಾರು ಮಾಡುತ್ತಾರೆ?

ಕೆಲವು ತಿಂಗಳಾದ ಮೇಲೆ ಕಾಕಾ ಅವರ ಮಾಲಕರು ಒಂದು ಹಾಳಿ ಹಿಡಿದು ನನ್ನ ಟೇಬಲ್ಲಿನ ಮುಂದೆ ಬಂದು ಕುಳಿತರು. ಅವರ ಅಂಗಡಿಯಲ್ಲಿ ರೈತರಿಗೆ ತೂಕದಲ್ಲಿ ಮೋಸವಾಗುತ್ತದೆಂದು ಮಾರ್ಕೆಟ್ ಕಮಿಟಿಗೆ ಯಾರೋ ಹೆಸರಿಲ್ಲದೆ ಇಮೇಲ್ ಕಳಿಸಿದ್ದರು. ಹಾಳಿ ಅದರದೇ ಪ್ರತಿ. ಆ ಇಮೇಲಿನ ತಲೆಯ ಮೇಲಿನ ಅಂಕಿಗಳಿಂದ ಯಾವ ಲೈನಿನಿಂದ ಬಂದದ್ದೆಂದು ತಿಳಿಯುತ್ತದಂತೆ, ಹೌದೇನ್ರಿ? ಹೌದು, ತಿಳಿಯುತ್ತದೆ. ಹೇಳುವ ಅಧಿಕಾರ ನನಗಿರಲಿಲ್ಲ. ಆದರೆ ಅಷ್ಟು ದೊಡ್ಡ ಮನುಷ್ಯ ನನ್ನ ಮುಂದೆ ಕೈಕಟ್ಟಿ ಕುಳಿತಿದ್ದಾರೆ. ನನ್ನ ಕಸಬು ತೋರಿಸುವ ಹುಕ್ಕಿ ಬಂತು. ಆ ದಿನ ಆ ಹೊತ್ತಿಗೆ ಆ ಅಂಕಿ ಯಾವ ಚಾನೆಲ್ಲಿಗೆ ಹೋಗಿತ್ತೆಂದು ಹುಡುಕಿದೆ. ಚಾನೆಲ್ಲಿನ ಮುಂದಿನ ಹೆಸರು ಓದಿದೆ.

"ಸಾಹುಕಾರ್ರ, ಇದು ನಿಮ್ಮ ಅಂಗಡೀದ ಲೈನ್ ಐತ್ರಿ."

"ನಮ್ಮದ? ಬರೋಬ್ಬರಿ ನೋಡ್ರಿ."

"ಬರೋಬ್ಬರಿ ನೋಡೇನ್ರಿ."

ಅಂದೇ ಸಂಜೆ ಈರಪ್ಪ ಕಾಕಾ ಕೀಲಿಕೈ ಗೊಂಚಲನ್ನು ಗಾದಿಯ ಮೇಲಿಟ್ಟು ಹೊರಗೆ ಬಂದರಂತೆ. "ನಾ ಕಳಿಸಿಲ್ರಿ" ಎಂದು ಒಂದೇ ಸಲ ಹೇಳಿದರಂತೆ. ಯಾರ್ಡಿನಲ್ಲಿ ಸುದ್ದಿ ಗಾಳಿಗಿಂತ ಲಗೂ ಓಡುತ್ತದೆ. ಮಾಲಕನ ಉಪ್ಪು ತಿಂದು ಮಾಲಕನ ಮೇಲೇ ಅರ್ಜಿ ಬರೆದವನನ್ನು ಯಾವ ಅಂಗಡಿಯವರೂ ಒಳಗೆ ಕರೆಯಲಿಲ್ಲ.

ಅಲ್ಲಿಯವರೆಗಿನದಕ್ಕೆ ಗೊತ್ತಿಲ್ಲದೆ ಆದ ತಪ್ಪು ಎಂದಾದರೂ ಅನ್ನಬಹುದು. ಮುಂದಿನದಕ್ಕೆ—

ನಾಲ್ಕು ತಿಂಗಳಾದ ಮೇಲೆ ಬಾಜೂ ಅಂಗಡಿಯವರು ಕನೆಕ್ಷನ್ ಬೇಡವೆಂದು ಬರೆದುಕೊಟ್ಟರು. ಅವರ ಹೆಸರಿನ ಮುಂದಿನ ಚಾನೆಲ್ ತೆಗೆದುಹಾಕಿದೆ. ಹತ್ತು ನಿಮಿಷಕ್ಕೆ ಫೋನು ಬಂತು, ಕಾಕಾ ಅವರ ಹಳೆಯ ಮಾಲಕರದು: "ಏನ್ರಿ, ನಮ್ಮ ನೆಟ್ ಬಂದ್ ಆಗೇತಲ್ರಿ!"

ಕಪಾಟು ತೆರೆದು ರಿಜಿಸ್ಟರು ನೋಡಿದೆ. ನೋಡುವ ಮೊದಲೇ ಗೊತ್ತಾಗಿತ್ತು. ಆ ಇಮೇಲ್ ಹೋದದ್ದು ಬಾಜೂ ಅಂಗಡಿಯಿಂದ. ಅಲ್ಲಿ ಕುಳಿತು ಕಳಿಸಿದವರು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ, ಊಹಿಸಿ ಇನ್ನೊಂದು ಹೆಸರು ಕೆಡಿಸಲಾರೆ. ಚಾನೆಲ್ ಮತ್ತೆ ಕಟ್ಟಿದೆ, ಎರಡು ಹೆಸರುಗಳ ಜಾಗ ಬದಲಿಸಿದೆ. ಎರಡು ನಿಮಿಷದ ಕೆಲಸ. ಪಕ್ಕದ ಟೇಬಲ್ಲಿನವರು "ಏನಾತು?" ಎಂದರು. "ಏನಿಲ್ಲ" ಎಂದೆ. ಮಾಲಕರಿಗೆ ಫೋನು ಮಾಡಿ ತಪ್ಪಾಯಿತೆಂದು ಕೇಳಿಕೊಂಡೆ—ಹತ್ತು ನಿಮಿಷ ನೆಟ್ ಹೋದದ್ದಕ್ಕೆ.

ಅದೇ ವಾರ ಬೆಂಗೇರಿಯ ಸಂತೆಯಲ್ಲಿ ಈರಪ್ಪ ಕಾಕಾ ಎದುರಾದರು. ಕೈಯಲ್ಲಿ ಮೆಂತ್ಯದ ಸೊಪ್ಪು, ಮುಖದಲ್ಲಿ ಅದೇ ನಗು. "ಸಾಹೇಬ್ರ, ಆರಾಮ ಇದ್ದೀರಿಲ್ರಿ?" ಎಂದವರು ಸ್ವಲ್ಪ ತಡೆದು, ದನಿ ತಗ್ಗಿಸಿದರು.

"ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮಷೀನು ಏನರ ತಪ್ಪ ಹೇಳಿರಬಹುದನ್ರಿ?"

ಹೇಳಬಹುದಿತ್ತು. ಅಲ್ಲೇ, ಸೊಪ್ಪಿನ ಬುಟ್ಟಿಗಳ ನಡುವೆ ನಿಂತು ಹೇಳಿಬಿಡಬಹುದಿತ್ತು. ನನ್ನ ಬಾಯಿಂದ ಬಂದದ್ದು—

"ಮಷೀನ್ ಸುಳ್ಳ ಹೇಳೂದಿಲ್ಲ ಕಾಕಾ."

ಅವರು ಹೌದೆಂಬಂತೆ ತಲೆಯಾಡಿಸಿದರು. ನನ್ನನ್ನು ನಂಬಿದರು, ಅದೇ ನನ್ನನ್ನು ಇಂದಿಗೂ ನೆಮ್ಮದಿಯಿಂದ ಕೂರಗೊಡದ ಸಂಗತಿ. "ಹಂಗಾರ..." ಎಂದರು. "ಆ ಕಂಪ್ಯೂಟರ್ ಮುಟ್ಟಾವ್ರು ನಾವು ಇಬ್ಬರ ಇದ್ವಿ ನೋಡ್ರಿ." ಸೊಪ್ಪಿನ ಕಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿ ಹೊರಟುಹೋದರು. ಆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ನನಗೆ ಗೊತ್ತಾಗಲಿಲ್ಲವೇ? ಗೊತ್ತಾಯಿತು. ಕರೆಯಲಿಲ್ಲ.

ಮನೆಗೆ ಹೋಗಿ ಮಗಳನ್ನು ಕೇಳಿದರು. ಇಲ್ಲ ಎಂದಳು. ಎರಡನೆಯ ಸಲ ಕೇಳಿದರು, ನನ್ನ ಮಾತನ್ನೇ ಮುಂದಿಟ್ಟು. ಆಮೇಲೆ ಅವಳು ಉತ್ತರ ಕೊಡಲಿಲ್ಲ. ಈಗ ಮದುವೆಯಾಗಿ ಧಾರವಾಡದ ಲಕಮನಹಳ್ಳಿಯಲ್ಲಿದ್ದಾಳೆ, ಅಲ್ಲೇ ಒಂದು ಫ್ಯಾಕ್ಟರಿಯ ಆಫೀಸಿನಲ್ಲಿ ಕೆಲಸ. ಹಬ್ಬಕ್ಕೆ ಬರುತ್ತಾಳೆ, ಅಡುಗೆ ಮಾಡಿ ಬಡಿಸುತ್ತಾಳೆ, ತಾಯಿಯೊಡನೆ ಮಾತಾಡುತ್ತಾಳೆ. ಅಪ್ಪನೊಡನೆ ಇಲ್ಲ.

ಇದನ್ನೆಲ್ಲ ಕಾಕಾ ಅವರೇ ನನಗೆ ಹೇಳಿದ್ದು. ನಾನು ಒಳ್ಳೆಯವನೆಂದು ತಿಳಿದು, ಕಷ್ಟ ಸುಖ ತೋಡಿಕೊಂಡದ್ದು. ಬೆಂಗೇರಿಯ ಅವರ ಮನೆಯಲ್ಲಿ ಅವಲಕ್ಕಿ ತಿಂದು ಎದ್ದು ಬಂದಿದ್ದೇನೆ. ಎಷ್ಟೋ ಸಲ ಹೇಳಿಯೇ ಬಿಡೋಣವೆಂದು ಬೆಂಗೇರಿಯ ಬಸ್ಸು ಹತ್ತಿದ್ದೇನೆ, ಎರಡು ಸ್ಟಾಪ್ ಮೊದಲೇ ಇಳಿದು ನಡೆದು ಹಿಂದಿರುಗಿದ್ದೇನೆ. ನೌಕರಿ ಹೋದೀತೆಂದು ಮೊದಮೊದಲು. ನಿವೃತ್ತಿಯಾದ ಮೇಲೆ ಆ ನೆಪವೂ ಇರಲಿಲ್ಲ.

ಹೋದ ವಾರ ಇಳಿಯಲಿಲ್ಲ. ಹೋಗಿ ಹೇಳಿದೆ. ಗೇಟಿನ ಕಡೆಯ ಸಾಲು, ಗೋಡೆಯ ಕಡೆಯ ತಂತಿ, ಕಪಾಟಿನ ರಿಜಿಸ್ಟರು, ಸಂತೆಯಲ್ಲಿ ಹೇಳಿದ ಸುಳ್ಳು—ಎಲ್ಲ. ನಾನು ಕಾಕಾ ಅವರ ಕಾಲು ಮುಟ್ಟಲು ಬಾಗಿದೆ.

"ಏಳ್ರಿ," ಎಂದು ಕಾಲು ಹಿಂದೆಳೆದುಕೊಂಡರು. "ನಾ ನಿಮಗ ಬೈಯೂದಿಲ್ಲ, ಮಾಫೂ ಮಾಡೂದಿಲ್ಲ. ಒಂದ ಹಾಳ್ಯಾಗ ಬರೀರಿ. ಯಾರ್ಡಿನ್ಯಾಗ ಸವಾಲ್ ಮುಗದ ಮ್ಯಾಲೆ, ಎಲ್ಲಾರೂ ಕೂಡಿದಾಗ, ನೀವ ನಿಂತು ಓದ್ರಿ. ಆಮ್ಯಾಲೆ ಆ ಹಾಳಿ ನನಗ ಕೊಡ್ರಿ. ಲಕಮನಹಳ್ಳಿಗೆ ಒಯ್ಯಬೇಕು ನಾ."

"ರೇಣುಕಾಗ ನಾನ ಫೋನ್ ಮಾಡಿ ಹೇಳ್ಲ್ಯಾ ಕಾಕಾ?"

"ಬ್ಯಾಡ್ರಿ. ಆಕಿ ಮಾಡಿಲ್ಲಂತ ಆಕಿಗೆ ಗೊತ್ತೈತಿ. ಹೇಳಬೇಕಾದಾಂವ ನಾನು."

ನಿನ್ನೆ ಒಂದು ಪುಟ ಬರೆದು ತೆಗೆದುಕೊಂಡು ಹೋಗಿ ಓದಿ ತೋರಿಸಿದೆ. ಕಣ್ಣು ಮುಚ್ಚಿ ಕೇಳಿದರು. ಕಾರ್ಡು ಸುಟ್ಟ ದಿನ "ಗಡಿಬಿಡಿಯಲ್ಲಿ" ಹೆಸರು ತಪ್ಪು ಬರೆದೆ ಎಂಬಲ್ಲಿಗೆ ಬಂದಾಗ ಕೈ ಎತ್ತಿ ನಿಲ್ಲಿಸಿದರು.

"ಗಡಿಬಿಡಿ ಅಂತ ಯಾಕ ಬರದ್ರಿ? ಅದು ಒಂದ ದಿನದ್ದು. ಉಳದ ಹನ್ನೆರಡು ವರ್ಷ ನಿಮಗ ಏನ ಗಡಿಬಿಡಿ ಇತ್ರಿ?"

ಆ ಪದವನ್ನು ಹೊಡೆದುಹಾಕಿದೆ. ಸೋಮವಾರ ಸವಾಲು ಮುಗಿಯುವ ಹೊತ್ತಿಗೆ ಅಮರಗೋಳದಲ್ಲಿರುತ್ತೇನೆ.