ಎರಡನೇ ತಪ್ಪಲೆ

ಖಾಲಾ ಅವರ ಬೆರಳ ತುದಿಗಳು ನೀರಲ್ಲಿ ನೆನೆಸಿಟ್ಟ ಅವರೆಕಾಳಿನ ಹಾಗೆ ಬಿಳಿಚಿಕೊಂಡು ಉಬ್ಬಿರುತ್ತಿದ್ದವು. ಮದುವೆಯಾಗಿ ರಾಮನಗರಕ್ಕೆ ಬಂದಾಗಿನಿಂದ ಕುದಿನೀರಿನಲ್ಲಿ ರೇಷ್ಮೆಗೂಡು ತಿರುವಿ ಎಳೆ ಹುಡುಕಿದ ಬೆರಳುಗಳು. ಗೆರೆಗಳೆಲ್ಲ ಸವೆದುಹೋಗಿ ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಒಪ್ಪುತ್ತಲೇ ಇರಲಿಲ್ಲ. ಅಂಗಡಿಯವನು ಒಂದೊಂದೇ ಬೆರಳು ಇಡಿಸಿ ಸುಸ್ತಾಗುತ್ತಿದ್ದ. “ನಾನೇ ಕಣಪ್ಪಾ, ನಿನ್ ಮಿಷನ್‌ಗೆ ಒಸಿ ಹೇಳು,” ಎಂದು ಇವರು ನಗುತ್ತಿದ್ದರು.

ಬೀದಿಗೆಲ್ಲ ಅವರು ಖಾಲಾ, ಅಂದರೆ ಚಿಕ್ಕಮ್ಮ. ಗಂಡ ತೀರಿಹೋದ ಮೇಲೆ ಮೈದುನನ ಜೊತೆ ಸೇರಿ ಮನೆಯ ಹಿಂಭಾಗದಲ್ಲಿ ನೂಲು ಬಿಚ್ಚುವ ಕೆಲಸ ನಡೆಸುತ್ತಿದ್ದರು. ನಮ್ಮೂರು ದೊಡ್ಡಆಲಹಳ್ಳಿ. ಅಪ್ಪ ಗೂಡು ಮಾರಲು ರಾಮನಗರದ ಮಾರುಕಟ್ಟೆಗೆ ಹೋಗುತ್ತಿದ್ದುದರಿಂದ ಅವರ ಪರಿಚಯವಿತ್ತು. ನನಗೆ ಬಿಡದಿಯ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಾಗ ಅವರ ಮಾಳಿಗೆಯ ಕೋಣೆಯೇ ಗೊತ್ತಾಯಿತು. ಕೋಣೆ ನೋಡಲು ಬಂದ ನಮ್ಮವ್ವ ಮಾತ್ರ ಮೂಗು ಮುಚ್ಚಿಕೊಂಡು, “ಹುಳ ಬೇಯ್ಸೋ ವಾಸ್ನೇಲಿ ಹೆಂಗವ್ವ ಇರ್ತೀಯ? ಅನ್ನ ಸೇರ್ತದಾ?” ಅಂದಳು. ಖಾಲಾ ಅದನ್ನು ಕೇಳಿಸಿಕೊಂಡಿರಬೇಕು. ಅಂದಿನಿಂದ ನನ್ನ ಊಟದ ಹೊತ್ತಿಗೆ ಮೆಟ್ಟಿಲ ಮೇಲೆ ಲೋಬಾನದ, ಅಂದರೆ ಸಾಂಬ್ರಾಣಿಯ, ಹೊಗೆ ಹಾಕತೊಡಗಿದರು. ನನಗೆ ವಾಸನೆ ಅಭ್ಯಾಸವಾದ ಮೇಲೂ ಅದು ನಿಲ್ಲಲಿಲ್ಲ. ನಾನೇ ಬೇಡವೆಂದು ಹೇಳಬೇಕಾಯಿತು.

ಗೂಡನ್ನು ನೀರಿಗೆ ಹಾಕುವ ಮುನ್ನ ಅವರ ತುಟಿ ಸಣ್ಣಗೆ ಅಲ್ಲಾಡುತ್ತಿತ್ತು. ಏನು ಹೇಳುತ್ತೀರಿ ಎಂದು ಒಮ್ಮೆ ಕೇಳಿದೆ. “ಹೊಟ್ಟೆಪಾಡಿಗೆ ಮಾಡ್ತೀನಿ ಬೇಟಾ, ಅದನ್ನ ಅವನ್ಗೆ ಹೇಳ್ತೀನಿ,” ಎಂದು ಮೇಲೆ ನೋಡಿದರು.

ಅದು ನಡೆದದ್ದು ಒಂದು ಶುಕ್ರವಾರ, ಹಗಲು ಹೊತ್ತಿನಲ್ಲಿ. ಗಂಡಸರು ನಮಾಜಿಗೆ, ಕೆಲಸದವರು ಊಟಕ್ಕೆ ಹೋಗಿದ್ದರು. ಖಾಲಾ ಅವರ ಮಗಳು ಬಾಣಂತನಕ್ಕೆ ಬಂದಿದ್ದಳು. ಕೂಸಿನೊಂದಿಗೆ ಒಳಕೋಣೆಯಲ್ಲಿ ಮಲಗಿದ್ದಳು. ಎರಡನೇ ಶಿಫ್ಟಿಗೆ ಹೊರಡಲು ನಾನು ಮೇಲೆ ತಲೆ ಬಾಚಿಕೊಳ್ಳುತ್ತಿದ್ದೆ. ಗ್ಯಾಸ್ ಪೈಪ್ ನೋಡಬೇಕೆಂದು ಇಬ್ಬರು ಬಂದರಂತೆ. ಒಬ್ಬ ಬಾಗಿಲಲ್ಲೇ ನಿಂತ. ಇನ್ನೊಬ್ಬ ಸೀದಾ ಕೋಣೆಗೆ ನುಗ್ಗಿ ಬಾಣಂತಿಯ ಸರಕ್ಕೆ ಕೈ ಹಾಕಿದ. ಆಕೆ ಕಿರುಚಿದ್ದು ಕೇಳಿ ನಾನು ಮೆಟ್ಟಿಲಿಳಿದು ಓಡಿಬಂದೆ.

ಅಷ್ಟರಲ್ಲಿ ಖಾಲಾ ಮನೆಯ ಹಿಂಭಾಗದಿಂದ ಬಂದಿದ್ದರು. ಒಲೆಯಿಂದ ಇಳಿಸಿಕೊಂಡಿದ್ದ ಕುದಿನೀರಿನ, ಹಿಡಿಯಿದ್ದ ಸಣ್ಣ ತಪ್ಪಲೆಗಳು ಎರಡು ಕೈಯಲ್ಲೂ ಹಾಗೇ ಇದ್ದವು. ಕೋಣೆಯಿಂದ ಹೊರಬಂದವನು ಅವರನ್ನು ಕಂಡು ಕಬ್ಬಿಣದ ರಾಡು ಎತ್ತಿದ. ಖಾಲಾ ಬಲಗೈಯ ತಪ್ಪಲೆಯನ್ನು ಬೀಸಿ ಎರಚಿದರು. ಕತ್ತು, ಎದೆ, ಭುಜದ ಮೇಲೆ ನೀರು ಬಿತ್ತು. ಅವನು ಕೂಗಿಕೊಂಡ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ರಾಡು ಜಾರಿ ಬಿತ್ತು, ಅವನೂ ಬಿದ್ದ. ಬಾಗಿಲಲ್ಲಿದ್ದವನು ಪರಾರಿಯಾದ.

ಖಾಲಾ ಎರಡನೇ ತಪ್ಪಲೆಯನ್ನು ಎತ್ತಿದರು. ಕೆಳಗಿದ್ದವನು ಎರಡೂ ಕೈ ಅಡ್ಡ ಹಿಡಿದು, “ಬ್ಯಾಡ ಕಣಮ್ಮಾ, ಬ್ಯಾಡ,” ಅಂದ. ಅವರು ಅವನನ್ನೇ ನೋಡುತ್ತ ನಿಂತರು. ಆಮೇಲೆ ತಪ್ಪಲೆಯನ್ನು ನಿಧಾನವಾಗಿ ನೆಲಕ್ಕಿಟ್ಟು, ರಾಡನ್ನು ಕಾಲಿನಿಂದ ದೂರ ಸರಿಸಿ, ನನ್ನ ಕಡೆ ತಿರುಗಿದರು. “ತೊಟ್ಟಿಯಿಂದ ತಣ್ಣೀರು ತಾ, ಬೇಗ.” ನಾನು ಬಕೆಟ್ಟಿನಲ್ಲಿ ತಂದುಕೊಡುತ್ತ ಹೋದೆ, ಅವರು ಅವನ ಮೈಮೇಲೆ ಸುರಿಯುತ್ತ ಹೋದರು.

ನಮಾಜು ಮುಗಿಸಿ ಬಂದ ಮೈದುನ ಸುದ್ದಿ ತಿಳಿದು ಒಲೆಯ ಕೊಳ್ಳಿಯನ್ನೇ ಎತ್ತಿಕೊಂಡರು. ಅವರ ಹಿಂದೆ ಬೀದಿಯೇ ಇತ್ತು. ಖಾಲಾ ಕೆಳಗಿದ್ದವನಿಗೆ ಅಡ್ಡಲಾಗಿ ನೆಲದ ಮೇಲೆ ಕೂತುಬಿಟ್ಟರು. “ಬಿದ್ದವನನ್ನ ನನ್ ಮನೇಲಿ ಯಾರೂ ಹೊಡೀಬಾರ್ದು. ಪೊಲೀಸ್ ಬರ್ಲಿ.” ಯಾರೋ, “ಇಂಥವ್ರನ್ನ ಮುಗಿಸ್ಬುಡಬೇಕು,” ಅಂದರು. ಖಾಲಾ ಕೂತಲ್ಲಿಂದ ಏಳಲಿಲ್ಲ.

ಪೊಲೀಸರು ಬಂದು ಅವನನ್ನು ಆಸ್ಪತ್ರೆಗೆ ಒಯ್ದರು. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆವು. ಆದರೆ ಅವನ ಮನೆಯವರು, ಕೆಲಸ ಕೇಳಲು ಬಂದವನನ್ನು ಕಟ್ಟಿಹಾಕಿ ಬಿಸಿನೀರು ಸುರಿದರೆಂದು ದೂರು ಕೊಟ್ಟರು. ಖಾಲಾ ಸ್ಟೇಷನ್ನಿಗೆ ಅಲೆಯುವಂತಾಯಿತು. ಮೈದುನ ನಮ್ಮಿಬ್ಬರನ್ನೂ ವಕೀಲರ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ಅವರೇ ಮೊದಲು ಮಾತೆತ್ತಿದರು: “ರಾಡ್ ಅನ್ನೋದು ಬೇಡ ಸಾರ್, ಮಚ್ಚಿತ್ತು ಅನ್ನೋಣ. ಬಿದ್ದ ಮೇಲೂ ಎದ್ದು ಬಂದ ಅಂತ ಈ ಹುಡುಗೀನೂ ಹೇಳ್ತಾಳೆ.”

ನಾನು ಖಾಲಾ ಮುಖ ನೋಡಿದೆ. “ರಾಡ್ ಇತ್ತು, ರಾಡ್ ಅಂತೀನಿ. ಬಿದ್ದ, ಬಿದ್ದ ಅಂತೀನಿ. ಈ ಮಗು ಬಾಯಲ್ಲಿ ಸುಳ್ಳು ಹಾಕ್ಬೇಡ,” ಎಂದು ಅವರು ಮೈದುನನಿಗೆ ಹೇಳಿದರು.

ವಕೀಲರು ವಯಸ್ಸಾದವರು. ಕನ್ನಡಕ ತೆಗೆದಿಟ್ಟು ಸಮಾಧಾನವಾಗಿ ಹೇಳಿದರು: “ನಿಜಾನೇ ನಿಮ್ಮನ್ನ ಕಾಪಾಡೋದು ಅಮ್ಮ. ಮನೆಗೆ ನುಗ್ಗಿ ರಾಡ್ ಎತ್ತಿದವನ ಮೇಲೆ ನೀರು ಎರಚಿದ್ದು ಆತ್ಮರಕ್ಷಣೆ. ಕಾನೂನು ಅದನ್ನ ತಪ್ಪು ಅನ್ನಲ್ಲ. ಆದ್ರೆ ಅಪಾಯ ಎಲ್ಲೀವರೆಗೋ ಆ ಹಕ್ಕೂ ಅಲ್ಲೀವರೆಗೇ. ಅವನು ಬಿದ್ದು ಬೇಡ ಅಂದ ಮೇಲೆ ಇನ್ನೊಂದು ತಪ್ಪಲೆ ಸುರಿದಿದ್ರೆ ಅದು ರಕ್ಷಣೆ ಆಗ್ತಿರ್ಲಿಲ್ಲ, ಶಿಕ್ಷೆ ಆಗ್ತಿತ್ತು. ಶಿಕ್ಷೆ ಕೊಡೋಕೆ ನಮಗೆ ಹಕ್ಕಿಲ್ಲ. ಆಗ ನಾನು ನಿಮ್ಗೆ ಜಾಮೀನಿನ ಮಾತಾಡ್ಬೇಕಾಗ್ತಿತ್ತು.”

ಮೈದುನ ಸಮಾಧಾನದ ಉಸಿರುಬಿಟ್ಟರು. ಖಾಲಾ ಮಾತ್ರ ಕೇಳಿದರು: “ತಪ್ಪಿಲ್ಲ ಅಂದ್ಮೇಲೆ ನಂಗ್ಯಾಕೆ ನಿದ್ದೆ ಬರ್ತಿಲ್ಲ ಸಾರ್?” ವಕೀಲರು ಕನ್ನಡಕವನ್ನು ಮತ್ತೆ ಹಾಕಿಕೊಂಡರು.

ನಿಜಕ್ಕೂ ಅವರು ಸೊರಗಿಹೋಗಿದ್ದರು. ಎಷ್ಟೋ ದಿನ ಒಲೆಯ ಹತ್ತಿರ ಸುಳಿಯಲಿಲ್ಲ. ನೀರು ಕೊತಕೊತ ಅಂದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ಮಗಳ ಕೊರಳ ಗಾಯ, ಆಸ್ಪತ್ರೆಯ ವರದಿ, ನಮ್ಮ ಹೇಳಿಕೆಗಳನ್ನೆಲ್ಲ ನೋಡಿದ ಪೊಲೀಸರು ಆತ್ಮರಕ್ಷಣೆಯೆಂದು ಒಪ್ಪಿ ಅವರ ಮೇಲಿನ ದೂರನ್ನು ಮುಕ್ತಾಯಗೊಳಿಸಿದರು. ಬೀದಿಯವರು ಹುಲಿ, ಹೆಣ್ಣುಹುಲಿ ಎಂದು ಹೊಗಳಿದರು. ಖಾಲಾ ಆ ಮಾತು ಬಂದಾಗೆಲ್ಲ ಸೆರಗು ಸರಿಮಾಡಿಕೊಂಡು ಒಳಗೆ ಹೋಗುತ್ತಿದ್ದರು.

ಆ ಕಳ್ಳನ ಮೇಲಿನ ಕೇಸಿನಲ್ಲಿ ಸಾಕ್ಷಿ ಹೇಳಲು ನಾವಿಬ್ಬರೂ ಕೋರ್ಟಿಗೆ ಹೋದೆವು. ಅವನನ್ನು ವರಾಂಡದ ಬೆಂಚಿನ ಮೇಲೆ ಕೂರಿಸಿದ್ದರು. ಅಂಗಿಯ ಗುಂಡಿ ಕತ್ತಿನವರೆಗೂ ಹಾಕಿದ್ದರೂ ಮುದುಡಿದ ಚರ್ಮ ಕಾಣುತ್ತಿತ್ತು. ಖಾಲಾ ಒಳಗೆ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿದರು. ಹೊರಬಂದವರು ಅವನ ಮುಂದೆ ನಿಂತರು.

“ಕೆರೆತ ಐತಾ?”

ಅವನು ತಲೆ ಎತ್ತದೆ ಹೂಂ ಅಂದ.

“ಕೆರೀಬೇಡ. ಕೊಬ್ರಿ ಎಣ್ಣೆ ಹಚ್ಚು.”

ಪೇದೆ ಗದರಿದ. ಖಾಲಾ ನನ್ನ ಕೈ ಹಿಡಿದು ಮೆಟ್ಟಿಲಿಳಿದರು. ಅವನಿಗೆ ಶಿಕ್ಷೆಯಾದ ಸುದ್ದಿ ಬಂದ ದಿನ ಅವರು ಸಂತೋಷಪಟ್ಟಿದ್ದನ್ನು ನಾನು ಕಾಣಲಿಲ್ಲ. “ಆಗ್ಬೇಕಾದ್ದೇ,” ಅಂದರು, ಅಷ್ಟೇ.

ಮದುವೆಯಾಗಿ ನಾನು ಕನಕಪುರಕ್ಕೆ ಬಂದೆ. ಹೋದ ಚಳಿಗಾಲದಲ್ಲಿ ಅವರ ಮಗಳು ಫೋನ್ ಮಾಡಿದಳು. ಉಸಿರಾಟದ ತೊಂದರೆ ಹೆಚ್ಚಾಗಿ ಖಾಲಾ ಹೋಗಿಬಿಟ್ಟಿದ್ದರು. ನಾನು ಬಸ್ಸಿಳಿದು ತಲುಪುವಷ್ಟರಲ್ಲಿ ಮಣ್ಣು ಆಗಿಹೋಗಿತ್ತು. ಹೆಂಗಸರ ನಡುವೆ ಮಗಳು ನನ್ನನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು.

“ಆವತ್ತು ಅಮ್ಮೀನ ನಾನು ನೋಡ್ಲೇ ಇಲ್ಲ. ಕೂಸನ್ನ ತಬ್ಕೊಂಡು ಮೂಲೇಲಿ ಕೂತಿದ್ದೆ. ನೋಡಿದ್ದು ನೀನೊಬ್ಳೇ. ಎಲ್ಲಾರೂ ಹುಲಿ ಹಂಗೆ ನಿಂತಿದ್ರು ಅಂತಾರೆ. ಹಂಗೇ ಇದ್ರಾ?”

“ಇಲ್ಲ,” ಅಂದೆ. “ತುಂಬಾ ಹೆದರಿದ್ರು. ಗದ್ದ ನಡುಗ್ತಿತ್ತು. ಕೆಳಗೆ ಬಿದ್ದಿದ್ನಲ್ಲ, ಅವನಿಗಿಂತ ಜಾಸ್ತಿ ಅವ್ರೇ ಹೆದರಿದ್ರು.”

ಬೆಳಗಿನಿಂದ ಅಳದೇ ಇದ್ದವಳು ಆಗ ಅತ್ತಳು. “ನನ್ ಅಮ್ಮೀನೇ ಅದು,” ಅಂದಳು. ಆಮೇಲೆ ಅಂದಿನ ಕೂಸನ್ನು, ಈಗ ಶಾಲೆಗೆ ಹೋಗುವ ಹುಡುಗಿಯನ್ನು, ಕರೆದು ನನ್ನ ಮುಂದೆ ಕೂರಿಸಿದಳು. “ಇವಳ್ಗೂ ಹೇಳು. ನೀನು ಕಂಡಂಗೇ ಹೇಳು.”

ನಾನು ಕಂಡ ಹಾಗೆಯೇ ಹೇಳತೊಡಗಿದೆ.